ಹನ್ನೆರಡು ಬ್ರಾಕೆಟ್ ಮತ್ತು ಒಂದು ಹಿಡಿ ಹುಣಸೆಹಣ್ಣು

ಆಯುಧಪೂಜೆಯ ಮರುದಿನ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಹರಿಹರದಲ್ಲಿ, ನಮ್ಮ ವರ್ಕ್‌ಶಾಪಿನ ತಪಾಸಣಾ ಕೋಣೆಯೊಳಗೆ, ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತಿದ್ದೆ. ಎಡಗೈಯಲ್ಲಿ ಊಟದ ಡಬ್ಬಿ, ಬಲಗೈ ಖಾಲಿ. ಎದುರಿಗೆ ನಾವು ಅಳತೆ ತೆಗೆಯುವ ಕರಿ ಗ್ರಾನೈಟ್ ಕಲ್ಲು. ಆ ಕೋಣೆಯ ಕಿಟಕಿ ಪೂರ್ವಕ್ಕಿರುವುದರಿಂದ ಆ ಹೊತ್ತಿಗೆ ಬಿಸಿಲು ನೇರ ಕಲ್ಲಿನ ಮೇಲೆ ಬೀಳುತ್ತದೆ. ಕಣ್ಣು ಮೋಸ ಹೋಗುವಂಥ ಬೆಳಕಲ್ಲ ಅದು. ಕಲ್ಲಿನ ಮೇಲೆ ಅಡುಗೆಮನೆಯ ಸ್ಟೀಲ್ ಪರಾತ ಇತ್ತು. ಪರಾತದಲ್ಲಿ ಹನ್ನೆರಡು ಅಲ್ಯೂಮಿನಿಯಂ ಬ್ರಾಕೆಟ್‌ಗಳಿದ್ದವು. ಎರಡು ಸಲ ಎಣಿಸಿದೆ. ಹಿಂದಿನ ದಿನ ನಾನು ಬಿಟ್ಟು ಹೋದಾಗ ಅವು ಮಾಗಿದ ನಿಂಬೆಹಣ್ಣಿನ ಸಿಪ್ಪೆಯಂತೆ ಹಳದಿಯಾಗಿದ್ದವು. ಈಗ ಬೆಳ್ಳಗೆ, ದೇವರಮನೆಯ ತಂಬಿಗೆಯಂತೆ ಹೊಳೆಯುತ್ತಿದ್ದವು.

ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಹರಿಹರದ ಬಸ್ ನಿಲ್ದಾಣದ ಹತ್ತಿರ ನಾನು ಚಹಾ ಕುಡಿಯುವ ಅಂಗಡಿಯಲ್ಲಿ ಈ ಕಥೆ ಬೇರೆಯೇ ಆಗಿ ಓಡಾಡುತ್ತಿದೆ. ಹೋದ ತಿಂಗಳು ಗುರುತೇ ಇಲ್ಲದ ಒಬ್ಬ ನನ್ನನ್ನು ನಿಲ್ಲಿಸಿ, "ಯುದ್ಧವಿಮಾನದ ಪಾರ್ಟ್ಸಿಗೆ ಅರಿಶಿಣ ಬಳಿದು ಕಳಿಸಿದ್ರಂತಲ್ರೀ, ಅದು ನಿಮ್ಮ ಶಾಪೇ ಏನು?" ಎಂದು ಕೇಳಿದ. ಅರಿಶಿಣ ಬಳಿಯಲಿಲ್ಲ. ಯಾರೂ ಏನನ್ನೂ ಕಳಿಸಲಿಲ್ಲ. ಹಾಗೆಂದೆ. ಅವನು ನಕ್ಕು, "ನೀವು ಹಂಗ ಹೇಳ್ಲೇಬೇಕಲ್ಲ ಬಿಡ್ರಿ" ಎಂದ. ಇಂಥವರ ಜೊತೆ ಮಾತಾಡಿ ಪ್ರಯೋಜನವಿಲ್ಲ. ಬರೆದಿಡುವುದು ವಾಸಿ.

ನಾನು ವರ್ಕ್‌ಶಾಪಿನಲ್ಲಿ ತಪಾಸಣೆಯವನು. ಮಾಡಿದ ವಸ್ತು ಚಿತ್ರದಲ್ಲಿರುವಂತೆ ಇದೆಯೋ ಇಲ್ಲವೋ ಅಳೆದು ನೋಡಿ, ಇದ್ದರೆ ಸಹಿ ಹಾಕುವುದು ನನ್ನ ಕೆಲಸ. ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ದಿನಾ ಹರಿಹರಕ್ಕೆ ಹೋಗಿ ಬರುತ್ತೇನೆ. ಮಾಲೀಕರೂ ದಾವಣಗೆರೆಯವರೇ. ಅವರ ತಂದೆ ಹತ್ತಿ ವ್ಯಾಪಾರದಲ್ಲಿದ್ದರು. ಮಗ ಕಬ್ಬಿಣ ಕೊರೆಯುವ ಯಂತ್ರಗಳಿಗೆ ಬಂದರು. ಬಹಳ ವರ್ಷ ನಾವು ಪಂಪುಗಳಿಗೆ, ಟ್ರ್ಯಾಕ್ಟರುಗಳಿಗೆ ಬಿಡಿಭಾಗ ಮಾಡುತ್ತಿದ್ದೆವು. ಆ ವರ್ಷ ಮೊದಲ ಬಾರಿಗೆ ಬೆಂಗಳೂರಿನ ಒಂದು ಕಂಪನಿ ವಿಮಾನದ ಕೆಲಸ ಕೊಟ್ಟಿತ್ತು. ಹನ್ನೆರಡು ಬ್ರಾಕೆಟ್, ಅಷ್ಟೇ. ಅವು ಸರಿಯಾಗಿ ಹೋದರೆ ಮಾತ್ರ ಮುಂದಿನ ಕೆಲಸ.

ಯಾವ ವಿಮಾನ, ಎಲ್ಲಿಯ ಭಾಗ ಎಂದು ನಮಗೆ ಯಾರೂ ಹೇಳಲಿಲ್ಲ. ಚಿತ್ರದ ಮೇಲೆ ಒಂದು ಸಂಖ್ಯೆ ಇತ್ತು, ಅಷ್ಟೇ. ಅಂಗೈ ಅಗಲದ ಅಲ್ಯೂಮಿನಿಯಂ ತುಂಡು, ಐದು ತೂತು, ಒಂದು ಕಡೆ ಬಾಗು. ಯಾವುದಕ್ಕೆಂದು ಗೊತ್ತಿಲ್ಲದೆ ಕೂದಲೆಳೆಯಷ್ಟು ಅಳತೆಗೆ ತೂತು ಕೊರೆಯುವುದೆಂದರೆ, ಯಾರೆಂದು ಗೊತ್ತಿಲ್ಲದವರಿಗೆ ಅಂಗಿ ಹೊಲಿದಂತೆ. ಮಾಲೀಕರು ಮಾತ್ರ ದಿನಕ್ಕೆರಡು ಸಲ, "ಹೊರಗ ಯಾರ ಹತ್ರನೂ ಬಾಯಿ ಬಿಡಬ್ಯಾಡ್ರಿ" ಎನ್ನುತ್ತಿದ್ದರು. ನಾನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಒಂದು ಸಂಜೆ ಮನೆಗೆ ಬಂದಾಗ ಅವಳೇ, "ನಿಮ್ಮ ಶಾಪಿನಾಗೆ ಮಿಲಿಟರಿ ವಿಮಾನ ಮಾಡ್ತೀರಂತಲ್ಲ?" ಎಂದಳು. ಮಾಲೀಕರ ತಾಯಿ ನಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿಯಾಗಿತ್ತು.

ವಿಷಯ ಸ್ವಲ್ಪವಾದರೂ ಬಿಡಿಸಿ ಹೇಳಿದವರು ಬೆಂಗಳೂರಿನ ಕಂಪನಿಯ ತಪಾಸಣಾಧಿಕಾರಿ. ಮೊದಲ ತುಂಡು ನೋಡಲು ಬಂದಿದ್ದಾಗ, ಚಿತ್ರದಲ್ಲಿ ಬರೆದಿದ್ದ ಹಳದಿ ಲೇಪದ ಬಗ್ಗೆ ನಾನು ಮೂರು ಸಲ ಕೇಳಿದ ಮೇಲೆ, ನನ್ನನ್ನೂ ಮಾಲೀಕರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಹೇಳಿದರು.

"ಹಳೇ ಸ್ಕೂಟರ್ ಪಕ್ಕದಲ್ಲಿ ರೇಡಿಯೊ ಇಟ್ಟರೆ ಕರಕರ ಅನ್ನುತ್ತಲ್ಲ, ಕೇಳಿದ್ದೀರಾ?"

"ಕೇಳೀನಿ."

"ಶತ್ರುವಿನ ರಾಡಾರಿಗೆ ಅಂಥ ಕರಕರ ತುಂಬೋ ವಿಮಾನ ಇದು. ಅದರ ಜೊತೆಗೆ ಅವರು ಎಲ್ಲಿಂದ ಏನು ಕಳಿಸ್ತಿದ್ದಾರೆ ಅಂತ ಕಿವಿಗೊಟ್ಟು ಕೇಳಬೇಕು. ಹಳೇ ವಿಮಾನ. ಈ ಭಾಗ ಮಾಡ್ತಿದ್ದವರು ಈಗ ಮಾಡಲ್ಲ. ಕೇಳೋ ಆಂಟೆನಾ ನಿಮ್ಮ ಬ್ರಾಕೆಟ್ ಮೇಲೆ ಕೂರುತ್ತೆ. ಬ್ರಾಕೆಟ್ಟಿಗೂ ವಿಮಾನದ ಮೈಗೂ ವಿದ್ಯುತ್ ಸಂಪರ್ಕ ಗಟ್ಟಿಯಾಗಿ ಇರಬೇಕು. ಅಲ್ಲಿ ಸಡಿಲವಾದರೆ ತನ್ನ ಕಿವಿಯಲ್ಲಿ ತಾನೇ ಕರಕರ ಅನ್ನಿಸಿಕೊಳ್ಳುತ್ತೆ. ಆ ಹಳದಿ ಲೇಪ ಬಣ್ಣ ಅಲ್ಲ. ಅಲ್ಯೂಮಿನಿಯಂ ಹಾಳಾಗದ ಹಾಗೆ ಕಾಯುತ್ತೆ, ವಿದ್ಯುತ್ತನ್ನೂ ಬಿಡುತ್ತೆ. ಬರಿಗೈಲಿ ಮುಟ್ಟಬೇಡಿ."

ಮುಟ್ಟಲಿಲ್ಲ. ಬೆಂಗಳೂರಿನಲ್ಲಿ ಲೇಪ ಮಾಡಿಸಿ ವಾಪಸು ಬಂದ ಹನ್ನೆರಡನ್ನೂ ಬಿಳಿ ಕೈಗವಸು ತೊಟ್ಟು ಒಂದೊಂದೇ ಕಾಗದದಲ್ಲಿ ಸುತ್ತಿ ಟ್ರೇಯಲ್ಲಿಟ್ಟೆ. ಬೀಗದ ಕೈ ನನ್ನ ಜೇಬಿನಲ್ಲೇ ಇರಬೇಕು ಎಂದು ನಾನೇ ಬರೆದು ಬಾಗಿಲಿಗೆ ಅಂಟಿಸಿದೆ. ವಿಜಯದಶಮಿ ಕಳೆದ ಮರುದಿನ ಮಾಲು ಬೆಂಗಳೂರಿಗೆ ಹೊರಡಬೇಕಿತ್ತು. ವಿಮಾನ ಈ ಭಾಗಕ್ಕಾಗಿ ನೆಲದ ಮೇಲೆ ಕಾಯುತ್ತ ನಿಂತಿದೆ ಎಂದು ಎರಡು ಸಲ ಫೋನು ಬಂದಿತ್ತು.

ಆಯುಧಪೂಜೆಯ ದಿನ ಮಧ್ಯಾಹ್ನ ಮಾಲೀಕರ ತಾಯಿ ಬಂದರು. ನಮ್ಮಲ್ಲಿ ಪೂಜೆ ಅವರದೇ. ಎಂಬತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ. ಯಂತ್ರ ಯಂತ್ರಕ್ಕೂ ತಾವೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂವಿಟ್ಟು ಬರುತ್ತಾರೆ. ನನ್ನ ಕೋಣೆಯ ಬಾಗಿಲಿಗೆ ಬೀಗ ಕಂಡು ನಿಂತರು.

"ಇದ್ಯಾಕ ತಮ್ಮಾ, ಇವತ್ತು ಬೀಗ ಹಾಕೀಯ?"

"ಒಳಗ ವಿಮಾನದ ಮಾಲು ಐತೆ ಅಮ್ಮಾರೆ. ಮುಟ್ಟಂಗಿಲ್ಲ."

"ಮುಟ್ಟಂಗಿಲ್ಲ ಅಂದ್ರ? ಟ್ರ್ಯಾಕ್ಟರಿನ ನಟ್ಟಿಗೆ ಪೂಜಿ, ವಿಮಾನಕ್ಕಿಲ್ಲ? ಮ್ಯಾಲೆ ಹಾರಾಡೋದು ಅದಲ್ಲೇನು? ನೆಲದ ಮ್ಯಾಗ ಇರೋದಕ್ಕೇನು ಆಗತೈತಿ?"

ಮಾಲೀಕರು ನನ್ನ ಕಡೆ ನೋಡಿ, "ಬಾಗ್ಲಿಗೆ ಒಂದಿಷ್ಟು ಹಚ್ಚಲಿ ಬಿಡ್ರಿ, ಇವತ್ತು ಬೀಗ ಹಾಕಬಾರ್ದು" ಎಂದರು. ಅದು ನಮ್ಮ ಕಡೆಯ ಪದ್ಧತಿ. ಆ ದಿನ ಆಯುಧ ಇಟ್ಟ ಕೋಣೆಗೆ ಬೀಗ ಹಾಕುವುದಿಲ್ಲ. ನಾನು ಬೀಗ ತೆಗೆದೆ. ಕಲ್ಲಿಗೆ, ಕಪಾಟಿಗೆ, ಬಾಗಿಲಿಗೆ ಮಾತ್ರ ಎಂದು ಮಾತು ತೆಗೆದುಕೊಂಡೆ. ಅಮ್ಮ, "ಆತು, ಆತು" ಎಂದರು. ಮನೆಯಲ್ಲಿ ನನ್ನ ಸ್ಕೂಟರಿನ ಪೂಜೆಯಾಗಬೇಕಿತ್ತು. ನಾಲ್ಕು ಗಂಟೆಗೆ ಹೊರಟೆ. ಹೊರಡುವಾಗ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಹೋದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ನಾನೇ ಹಾಕಿದೆ.

ಉಳಿದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅಮ್ಮನ ಬಾಯಿಂದಲೂ ಹದಡಿಯಿಂದ ಬರುವ ನಮ್ಮ ಯಂತ್ರದ ಆಪರೇಟರನ ಬಾಯಿಂದಲೂ ಬೇರೆ ಬೇರೆ ಕೇಳಿದ್ದೇನೆ. ಎರಡೂ ಒಂದೇ ಇದ್ದವು. ನಾನು ಹೋದ ಮೇಲೆ ಅಮ್ಮ ಟ್ರೇ ಬಿಚ್ಚಿದರು. ಹನ್ನೆರಡು ಬ್ರಾಕೆಟ್ಟಿಗೂ ಒದ್ದೆ ವಿಭೂತಿಯ ಮೂರು ಮೂರು ಗೆರೆ ಎಳೆದರು, ಒಂದೊಂದು ಕುಂಕುಮದ ಬೊಟ್ಟಿಟ್ಟರು. ಮರುದಿನ ಬೆಳಗ್ಗೆ ಪೂಜೆಯ ಹೂವು ತೆಗೆಯಲು ಬಂದಾಗ, ಪ್ಯಾಕ್ ಮಾಡಲು ಬಂದಿದ್ದ ಆಪರೇಟರ್ ಅದನ್ನು ನೋಡಿದ.

"ಅಯ್ಯೋ ಅಮ್ಮಾರೆ, ಏನ್ ಮಾಡೀರಿ! ಸಾಹೇಬ್ರು ಬಂದ್ರ ನನ್ನ ಜೀವ ತಿಂತಾರ. ಹಳದಿ ಮ್ಯಾಗ ಬೆಳ್ಳಗೆ ಕೂತೈತಲ್ರೀ!"

"ಅದಕ್ಯಾಕ ಹಂಗ ಹೆದರತಿ? ತೊಳದು ಇಟ್ರ ಆತು."

ನೀರಿನಲ್ಲಿ ತೊಳೆದರು. ಕುಂಕುಮದ ಕಲೆ ಹೋಗಲಿಲ್ಲ. ಅಮ್ಮ ತಮ್ಮ ಕಾರಿನ ಡ್ರೈವರನನ್ನು ಅಂಗಡಿಗೆ ಕಳಿಸಿ ಹುಣಸೆಹಣ್ಣು ತರಿಸಿದರು. ಅಂಗಳದ ನಲ್ಲಿಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಹುಣಸೆಹಣ್ಣು, ಮಿಕ್ಕ ವಿಭೂತಿ, ತೆಂಗಿನ ನಾರು ಮೂರೂ ಸೇರಿಸಿ, ಹಬ್ಬದ ಮುಂಚೆ ದೇವರ ಸಾಮಾನು ಬೆಳಗುವಂತೆ ಹನ್ನೆರಡನ್ನೂ ಬೆಳಗಿದರು. ನನಗೆ ಬೇಸರವಾಗಬಾರದೆಂದು ಬೆಳಗಿದರು. ಇದನ್ನೂ ಬರೆಯಬೇಕು.

ನಾನು ಕೋಣೆಯೊಳಗೆ ನಿಂತಿದ್ದಾಗ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದರು.

"ನೋಡು ತಮ್ಮಾ, ಹೆಂಗ ಹೊಳೀತಾವ! ಅವ್ರು ಹಚ್ಚಿ ಕಳಿಸಿದ್ದ ಆ ಹಳದಿ ಕೊಳೆನೂ ಹೋತು."

 ಡಬ್ಬಿ ಕೆಳಗಿಡಲು ಹೋದೆ; ಮುಚ್ಚಳ ಬಿಚ್ಚಿಕೊಂಡು ಚಿತ್ರಾನ್ನ ನೆಲಕ್ಕೆ ಬಿತ್ತು. ಅಮ್ಮ ಬಗ್ಗಿ ಅದನ್ನು ಬಾಚಲು ಶುರು ಮಾಡಿದರು. ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಮಾಲೀಕರು ಹತ್ತು ಗಂಟೆಗೆ ಬಂದರು. ವಿಷಯ ಹೇಳಿದೆ. ಅವರು ಒಂದು ಬ್ರಾಕೆಟ್ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಬರಿಗೈಯಲ್ಲಿ. ಈಗ ಅದನ್ನು ಹೇಳಿ ಏನು ಪ್ರಯೋಜನ?

"ಅಳತಿ ಸರಿ ಐತೋ ಇಲ್ಲೋ?"

ಅಳೆದೆ. ಹನ್ನೆರಡನ್ನೂ ಅಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಹತ್ತು ಸರಿ ಇದ್ದವು. ಎರಡರಲ್ಲಿ ತೂತಿನ ಅಂಚು ತಿಕ್ಕಿ ತಿಕ್ಕಿ ದುಂಡಗಾಗಿತ್ತು.

"ಹತ್ತು ಸರಿ ಐತಿ ಅಂದ್ರ ಹತ್ತು ಕಳಸ್ರಿ. ಹಳದಿ ಏನು, ಬಣ್ಣ ತಾನೆ?"

"ಬಣ್ಣ ಅಲ್ರೀ. ಅವತ್ತು ಅಂಗಳದಾಗ ಅವರು ಹೇಳಿದ್ದು ನೀವೂ ಕೇಳೀರಿ."

ಬಾಗಿಲಲ್ಲಿ ನಿಂತಿದ್ದ ಆಪರೇಟರ್ ಮೆಲ್ಲಗೆ, "ಸರ, ಒಂಚೂರು ಅರಿಶಿಣ ಕಲಸಿ ಹಚ್ಚಿದ್ರ ಮದ್ಲಿನಂಗ ಕಾಣ್ತಾವೇನೋ" ಎಂದ. ಅರಿಶಿಣ ಈ ಕಥೆಯಲ್ಲಿ ಬರುವುದು ಇಲ್ಲಿ ಮಾತ್ರ, ಒಂದೇ ಮಾತಿನಲ್ಲಿ. ನಾನು ಅವನ ಕಡೆ ತಿರುಗಿ ನೋಡಿದೆ. "ಅಲ್ಲ, ಸುಮ್ನ ಹೇಳಿದೆ ಸರ" ಎಂದು ಅಂಗಳಕ್ಕೆ ಹೋದ. ಚಹಾದಂಗಡಿಗೆ ಅದನ್ನು ಹೊತ್ತುಕೊಂಡು ಹೋದವನೂ ಅವನೇ ಇರಬೇಕು; ಕೇಳಿದರೆ ಇಲ್ಲ ಅನ್ನುತ್ತಾನೆ.

ಮಾಲೀಕರು ಬಿಡಲಿಲ್ಲ. "ವಿದ್ಯುತ್ ಹರೀಬೇಕು ಅಂದ್ರಲ್ಲ, ಮೀಟರ್ ಹಚ್ಚಿ ನೋಡ್ರಿ" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಲ್ಟಿಮೀಟರ್ ತಂದು, ಬ್ರಾಕೆಟ್ಟನ್ನು ಒಂದು ಅಲ್ಯೂಮಿನಿಯಂ ಹಲಗೆಗೆ ಬಿಗಿದು, ಎರಡೂ ತುದಿ ಮುಟ್ಟಿಸಿದೆ. ಅಂಕಿ ಸೊನ್ನೆಯ ಹತ್ತಿರಕ್ಕೆ ಹೋಗಿ ನಿಂತಿತು. ಹಳದಿ ಲೇಪ ಇದ್ದಾಗ ನಾನೇ ಬರೆದುಕೊಂಡಿದ್ದ ಅಂಕಿಗಿಂತ ಕಡಿಮೆ. ಅಂದರೆ ತಡೆ ಕಡಿಮೆಯಾಗಿ, ವಿದ್ಯುತ್ ಮೊದಲಿಗಿಂತ ಸಲೀಸಾಗಿ ಹರಿಯುತ್ತಿತ್ತು.

"ನೋಡ್ರಿ ಮತ್ತ!" ಎಂದರು ಮಾಲೀಕರು. "ನಮ್ಮಮ್ಮ ತಿಕ್ಕಿದ್ದಕ್ಕ ಚಲೋನೇ ಆಗೇತಿ. ಹಾಕ್ರಿ ಸಹಿ."

ಆ ಗಳಿಗೆಯಲ್ಲಿ ನನ್ನ ಮೀಟರ್ ಅವರ ಕಡೆ ಇತ್ತು. ನಾಳೆ ಮಾಲು ಹೋಗುತ್ತದೆ. ಬೆಂಗಳೂರಿನಲ್ಲಿ ಯಾರಾದರೂ ಬಿಳಿ ಯಾಕೆ ಎಂದು ಕೇಳಿದರೆ ಕೇಳಬಹುದು. ಆತುರದಲ್ಲಿದ್ದಾರೆ, ಕೇಳದೆಯೂ ಇರಬಹುದು. ವಿಮಾನ ಹಾರುತ್ತದೆ. ನನ್ನ ಸಹಿ ಕಾಗದದ ಮೇಲೆ ಇರುತ್ತದೆ. ಪೆನ್ನು ತೆಗೆದೆ ಎಂದು ಒಪ್ಪಿಕೊಳ್ಳುತ್ತೇನೆ. ಮುಚ್ಚಳವನ್ನೂ ತೆಗೆದಿದ್ದೆ.

ಆಗ ನೆನಪಾದದ್ದು ನಲ್ಲಿಯ ಬುಡದ ತುಂಡು. ಶುರುವಿನಲ್ಲಿ ಪರೀಕ್ಷೆಗೆಂದು ಮಾಡಿ, ತೂತು ತಪ್ಪಿದ್ದರಿಂದ ಲೇಪಕ್ಕೆ ಕಳಿಸದೆ ಬಿಸಾಡಿದ್ದ ಒಂದು ಬ್ರಾಕೆಟ್ಟನ್ನು, ಅಂಗಳದ ನೀರಿನ ಡ್ರಮ್ಮು ಅಲುಗಾಡದಿರಲಿ ಎಂದು ಆಪರೇಟರ್ ಅದರ ಅಡಿಗೆ ಒತ್ತುಕೊಟ್ಟಿದ್ದ. ಇಡೀ ಮಳೆಗಾಲ ಅಲ್ಲೇ ಇತ್ತು. ನಾನು ಹೋಗಿ ಡ್ರಮ್ಮು ವಾಲಿಸಿ ಅದನ್ನು ಎಳೆದು ತಂದೆ. ಮೈತುಂಬ ಬಿಳಿ ಪುಡಿ, ಸುಣ್ಣ ಮೆತ್ತಿದಂತೆ. ಅದೇ ಹಲಗೆಗೆ ಬಿಗಿದು, ಅದೇ ಮೀಟರ್ ಹಚ್ಚಿದೆ. ಅಂಕಿ ನಿಲ್ಲಲಿಲ್ಲ. ಏರಿತು, ಇಳಿಯಿತು, ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಹಾರಿತು.

"ಇದು ಇವತ್ತಿನದು," ಎಂದು ಹೊಳೆಯುವುದನ್ನು ತೋರಿಸಿದೆ. "ಇದು ಒಂದು ಮಳಿಗಾಲ ಆದ ಮ್ಯಾಲಿಂದು. ಹಳದಿ ಇಲ್ದಿದ್ರ ಅದೂ ಹಿಂಗ ಆಗತೈತಿ. ಆಗ ಅದು ಮ್ಯಾಲಿರ್ತೈತಿ. ಒಳಗ ಕುಂತವ್ನಿಗೆ ಕಿವಿಯಾಗ ಕರಕರ ಕೇಳ್ತೈತಿ. ಅದು ಶತ್ರುವಿಂದೋ ನಮ್ಮ ಹುಣಸಿಹಣ್ಣಿಂದೋ, ಅವ್ನಿಗೆ ಹೆಂಗ ಗೊತ್ತಾಗಬೇಕು?"

ಮಾಲೀಕರು ತಾವೇ ಎರಡು ಮೂರು ಸಲ ಹಲಗೆ ತಟ್ಟಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ತಗ್ಗಿದ ದನಿಯಲ್ಲಿ, "ಸರಿ. ವಾಪಸ್ ಲೇಪಕ್ಕ ಕಳಸೋಣ. ಆದ್ರ ಕಾಗದದಾಗ ಲೇಪದವ್ರು ಸರಿ ಮಾಡಿರಲಿಲ್ಲ ಅಂತ ಬರೀರಿ. ಇಲ್ಲಂದ್ರ ನಮ್ಮನ್ನ ಪಟ್ಟಿಯಿಂದ ತಗೀತಾರ. ಹತ್ತು ಮಂದಿ ಕೆಲಸ ಮಾಡ್ತಾರ ಇಲ್ಲಿ" ಎಂದರು.

ಬರೆಯುವುದಿಲ್ಲ ಎಂದೆ. ಅವರು ಗಟ್ಟಿಯಾಗಿ ಮಾತಾಡಿದರು, ನಾನೂ ಗಟ್ಟಿಯಾಗಿ ಮಾತಾಡಿದೆ. ಬಾಗಿಲು ತೆರೆದಿತ್ತು. ಅಮ್ಮ ಒಳಗೆ ಬಂದರು. ಅಲ್ಲಿಯವರೆಗೆ ಅವರಿಗೆ ತಪ್ಪು ತಮ್ಮದೆಂದು ತಿಳಿದಿರಲಿಲ್ಲ. ಪರಾತ ನೋಡಿದರು, ಪುಡಿ ಹಿಡಿದ ತುಂಡು ನೋಡಿದರು.

"ಕೆಟ್ಟು ಹೋದ್ವೇನು?"

"ಹೂಂ ಅಮ್ಮಾರೆ."

"ನನ್ನಿಂದ?"

ನಾನು ಪುಡಿ ಹಿಡಿದ ತುಂಡನ್ನು ಹಲಗೆಯಿಂದ ಬಿಚ್ಚತೊಡಗಿದೆ. ಅವರು ಮಗನ ಕಡೆ ತಿರುಗಿದರು.

"ತೊಳದಾಕಿ ನಾನು. ಬ್ಯಾರೇರ ಹೆಸರು ಯಾಕ ಬರಸ್ತಿ? ಅವ್ರ ಮನ್ಯಾಗ ಮಕ್ಕಳಿಲ್ಲೇನು?" ನನಗೆ ಹೇಳಿದರು: "ತಮ್ಮಾ, ನಾನು ತೊಳದೆ ಅಂತ ಬರಿ. ಹುಣಸಿಹಣ್ಣು ಅಂತನೂ ಬರಿ. ಹೆಂಗ ಆತೋ ಹಂಗ ಬರಿ."

ಫಾರಂ ಮೇಲೆ ಕಾರಣ ಬರೆಯುವ ಜಾಗ ಒಂದು ಬೆರಳಿನಷ್ಟು ಅಗಲವಿತ್ತು. ಆ ಫಾರಂ ಮಾಡಿದವರಿಗೆ ಕಾರಣಗಳು ಎಷ್ಟು ಉದ್ದ ಇರಬಹುದೆಂಬ ಅಂದಾಜೇ ಇಲ್ಲ. ಹಿಂಬದಿಗೆ ತಿರುಗಿಸಿ ಬರೆದೆ. ಪೂಜೆ, ವಿಭೂತಿ, ಕುಂಕುಮ, ಹುಣಸೆಹಣ್ಣು, ನಾರು. ಕೊನೆಯಲ್ಲಿ, ಬೀಗದ ಕೈಯನ್ನು ನಿಯಮ ಮೀರಿ ಮೊಳೆಗೆ ಹಾಕಿ ಹೋದವನು ತಪಾಸಣೆಯವನು ಎಂದು ಸೇರಿಸಿದೆ. ಆಮೇಲೆ ಬೆಂಗಳೂರಿಗೆ ಫೋನು ಮಾಡಿ ಅದನ್ನೇ ಓದಿದೆ. 

"ಹುಣಸೆಹಣ್ಣು ಹೊಸದೋ ಹಳೇದೋ?" ಎಂದು ಕೇಳಿದರು ಅಧಿಕಾರಿ. ತಮಾಷೆಯಲ್ಲ. ಹುಳಿ ಎಷ್ಟು, ಎಷ್ಟು ಹೊತ್ತು ಇತ್ತು, ನೀರು ಎಷ್ಟು ಹಾಕಿದರು, ಎಲ್ಲ ಕೇಳಿ ಬರೆದುಕೊಂಡರು.

ಎರಡು ದಿನ ಬಿಟ್ಟು ಅವರೇ ಬಂದರು. ಅಮ್ಮನನ್ನು ಕರೆಸಿ, ಒಂದು ಬೇಡವಾದ ತುಂಡು ಕೊಟ್ಟು, "ಹೇಗೆ ತೊಳೆದಿರಿ, ತೋರಿಸಿ ಅಮ್ಮ" ಎಂದರು. ಅಮ್ಮ ನಲ್ಲಿಯ ಬುಡದಲ್ಲಿ ಮತ್ತೆ ಕುಕ್ಕುರುಗಾಲಿನಲ್ಲಿ ಕೂತು ತೋರಿಸಿದರು. ಅಧಿಕಾರಿ ಪಕ್ಕದಲ್ಲೇ ಪ್ಯಾಂಟು ಮಡಚಿ ಕೂತು, ಕೈಗಡಿಯಾರ ನೋಡುತ್ತ ಹೊತ್ತು ಗುರುತು ಹಾಕಿಕೊಂಡರು. "ಜೋರು ತಿಕ್ಕಿದ್ರಾ, ಮೆತ್ತಗೆ ತಿಕ್ಕಿದ್ರಾ?" ಎಂದರು. "ಹಬ್ಬದಾಗ ಯಾರರ ಮೆತ್ತಗ ತಿಕ್ತಾರೇನಪಾ?" ಎಂದರು ಅಮ್ಮ.

ಎರಡು ಬ್ರಾಕೆಟ್ ಅಲ್ಲೇ ಮುರಿದು ಹಾಕಿದೆವು, ಹೊಸದಾಗಿ ಎರಡು ಮಾಡಿದೆವು. ಹತ್ತನ್ನು ಶುದ್ಧ ಮಾಡಿಸಿ ಮತ್ತೆ ಹಳದಿ ಲೇಪ ಹಾಕಿಸಿದರು. ಹನ್ನೆರಡೂ ಹೊರಟದ್ದು ಮೂರು ವಾರ ತಡವಾಗಿ. ಅಷ್ಟೂ ದಿನ ವಿಮಾನ ನೆಲದ ಮೇಲೆ ನಿಂತಿತ್ತು. ಅದು ನಮ್ಮಿಂದ. ಪಟ್ಟಿಯಿಂದ ನಮ್ಮನ್ನು ತೆಗೆಯಲಿಲ್ಲ. ಆದರೆ ಆರು ತಿಂಗಳು ಅವರ ಮನುಷ್ಯ ಬಂದು ಪ್ರತಿಯೊಂದನ್ನೂ ನಾನು ಅಳೆದ ಮೇಲೆ ಮತ್ತೊಮ್ಮೆ ಅಳೆದ. ಅದನ್ನು ನಿಂತು ನೋಡುವುದು ಸುಲಭವಲ್ಲ. ಮಾಲೀಕರು ಒಂದೆರಡು ವಾರ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮುಂದಿನ ದಸರಾಕ್ಕೆ ಮುಂಚೆ ಕಂಪನಿಯಿಂದ ಎಲ್ಲ ವರ್ಕ್‌ಶಾಪುಗಳಿಗೂ ಒಂದು ಸುತ್ತೋಲೆ ಬಂತು: ಸಿದ್ಧವಾದ ಬಿಡಿಭಾಗಗಳಿಗೆ ಯಾವುದೇ ಬಗೆಯ ಪೂಜಾದ್ರವ್ಯ ಹಚ್ಚತಕ್ಕದ್ದಲ್ಲ. ಬೇರೆ ಊರಿನವರಿಗೆ ಅದು ಯಾಕೆಂದು ಅರ್ಥವಾಗಿರಲಾರದು.

ಆ ದಸರಾದಲ್ಲಿ ಅಮ್ಮ ನನ್ನ ಕೋಣೆಯ ಮುಂದೆ ಬಂದು ನಿಂತರು. ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವರು ಬೀಗಕ್ಕೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಒಂದು ಹೂವು ಸಿಕ್ಕಿಸಿ, "ಗಟ್ಟಿ ಇರಲಿ" ಎಂದು ಮುಂದೆ ಹೋದರು.

ಇದು ನಡೆದದ್ದು ಹೀಗೆ. ಪರಾತದಲ್ಲಿ ಹನ್ನೆರಡು ಬ್ರಾಕೆಟ್ ಬೆಳ್ಳಗೆ ಹೊಳೆಯುತ್ತಿದ್ದುದನ್ನು ನನ್ನ ಜೊತೆ ನೋಡಿದವರು ಮೂವರು. ಹದಡಿಯ ಆಪರೇಟರ್ ಇದ್ದಾನೆ, ಈಗಲೂ ಅದೇ ಯಂತ್ರದ ಮುಂದೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಮಾಲೀಕರು ಇದ್ದಾರೆ, ಮೀಟರಿನ ಅಂಕಿ ಹಾರಿದ್ದನ್ನು ಅವರೂ ಇಲ್ಲ ಎನ್ನಲಾರರು. ಬೆಳಗಿದವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಹೇಳಿ ಬರೆಸಿದ ಕಾಗದದ ನಕಲು ನನ್ನ ಕಪಾಟಿನಲ್ಲಿದೆ, ಬೀಗದ ಕೈ ನನ್ನ ಜೇಬಿನಲ್ಲಿದೆ.